ಮೂವತ್ತೊಂದನೆಯ ಪ್ರಶ್ನೆ

ನಮ್ಮಪ್ಪನಿಗೆ ಎರಡು ಹೆಸರು. ಎದುರಿಗೆ ಮೇಷ್ಟ್ರು, ಬೆನ್ನ ಹಿಂದೆ ಡಿಕ್ಷನರಿ. ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿ ನಿವೃತ್ತರಾಗಿ ಇಪ್ಪತ್ತು ವರ್ಷವಾಗಿದೆ. ಆದರೂ ಅಂಗಡಿಯವನು ಚೀಟಿಯಲ್ಲಿ ಒಂದು ಸ್ಪೆಲಿಂಗ್ ತಪ್ಪಿದರೆ ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕೊಡುವ ಚಾಳಿ ಹೋಗಿಲ್ಲ. "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ನಾನು ಹಂಗಿಸಿದರೆ, "ಸುಟ್ಟು ನೋಡಿದ್ದೀಯಾ?" ಎಂದು ಕೇಳುತ್ತಾರೆ. ಅವರಿಗೆ ಎಪ್ಪತ್ತೆಂಟು, ನನಗೆ ನಲವತ್ತೇಳು. ಮನೆಯಲ್ಲಿ ನಾವಿಬ್ಬರೇ.

ಮನೆಯಿಂದ ನಾಲ್ಕು ಬೀದಿ ಆಚೆ ಒಂದು ಗ್ರಂಥಾಲಯವಿದೆ. ಅದರ ಮೇಲಿನ ಮಹಡಿಯ ತುಂಬ ನೂರು, ನೂರೈವತ್ತು ವರ್ಷ ಹಿಂದಿನ ಇಂಗ್ಲಿಷ್ ಕಾದಂಬರಿ, ನಾಟಕ, ಪದ್ಯದ ಪುಸ್ತಕಗಳು. ಆ ಮಹಡಿಯಲ್ಲಿ ಕಾಯಂ ಕೆಲಸ ಸಿಗಬೇಕಾದರೆ ಒಂದು ಪರೀಕ್ಷೆ ಬರೆಯಬೇಕು. ಐವತ್ತು ಪ್ರಶ್ನೆ. ಒಂದೊಂದರಲ್ಲೂ ಹಳೆಯ ಶೈಲಿಯ ಒಂದು ಇಂಗ್ಲಿಷ್ ವಾಕ್ಯ, ಅದರಲ್ಲಿ ಒಂದು ಪದಕ್ಕೆ ಅಡಿಗೆರೆ. ಆ ಪದಕ್ಕೆ ಆ ಕಾಲದಲ್ಲಿದ್ದ ಅರ್ಥವನ್ನು ಕನ್ನಡದಲ್ಲಿ ಒಂದೇ ಪದದಲ್ಲಿ ಬರೆಯಬೇಕು. ನಲವತ್ತು ಬಂದರೆ ಪಾಸು, ಮೂವತ್ತೊಂಬತ್ತಾದರೆ ಮನೆಗೆ. ನಿವೃತ್ತರಾದ ವರ್ಷದಿಂದಲೂ ಈ ಪರೀಕ್ಷೆಗೆ ಪ್ರಶ್ನೆ ಮಾಡಿಕೊಡುವವರು ಅಪ್ಪ.

ವಾಕ್ಯಗಳನ್ನು ಯಾವ ಪುಸ್ತಕದಿಂದಲೂ ಎತ್ತುತ್ತಿರಲಿಲ್ಲ. ಎತ್ತಿದರೆ ಗೈಡು ಉರು ಹೊಡೆದವರು ಗೆದ್ದುಬಿಡುತ್ತಾರೆ ಎಂದು ಹಳೆಯವರ ಧಾಟಿಯಲ್ಲೇ ಸ್ವಂತ ವಾಕ್ಯ ಕಟ್ಟುತ್ತಿದ್ದರು. ಐವತ್ತು ವಾಕ್ಯಕ್ಕೆ ಎರಡು ತಿಂಗಳು. ಅವರಿಗೆ ಪ್ರಿಯವಾದವು ಅರ್ಥ ಬದಲಾಯಿಸಿಕೊಂಡ ಪದಗಳು. 'ಆಫುಲ್' ಅಂದರೆ ಇವತ್ತು ಕೆಟ್ಟದ್ದು, ಅಂದು ಕೈ ಮುಗಿಯುವಂಥದ್ದು. 'ನೈಸ್' ಅಂದರೆ ಇವತ್ತು ಚೆನ್ನಾಗಿದೆ, ಅಂದು ಕೂದಲು ಸೀಳುವಷ್ಟು ನಿಖರ. "ಹಳೇ ಪುಸ್ತಕದಲ್ಲಿ ಗೊತ್ತಿಲ್ಲದ ಪದ ಏನೂ ಮಾಡಲ್ಲ ಪುಟ್ಟಿ, ಡಿಕ್ಷನರಿ ನೋಡ್ತೀಯ. ಗೊತ್ತಿದೆ ಅಂದ್ಕೊಂಡಿರೋ ಪದವೇ ಮೋಸ ಮಾಡೋದು" ಎನ್ನುವುದು ಅವರ ಹಳೆಯ ಪಾಠ. ನಾನು ಕೇಳಿ ಕೇಳಿ ಸಾಕಾಗಿ, ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡುತ್ತಿದ್ದೆ. ಬಿಡಬಾರದಿತ್ತು.

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಚೌಕಟ್ಟು ಹಾಕಿ, ಒಂದೊಂದೇ ಗಾಜು ಬದಲಾಯಿಸುತ್ತ "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಬೆಳಗಿನಿಂದ ಸಂಜೆವರೆಗೆ ಕೇಳುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ವಿಷಯ ಕಲಿತೆ. ಅಕ್ಷರ ಕಾಣದವರು ಕಾಣುವುದಿಲ್ಲ ಎಂದು ಹೇಳುವುದಿಲ್ಲ. ಒಂದು ಕ್ಷಣ ತಡೆದು, ಗಂಟಲು ಸರಿಮಾಡಿಕೊಂಡು, ಅಂದಾಜಿಗೆ ಒಂದು ಅಕ್ಷರ ಹೇಳುತ್ತಾರೆ. ಆ ತಡೆಯುವಿಕೆಯನ್ನು ನಾನು ಕತ್ತಲಲ್ಲೂ ಗುರುತಿಸಬಲ್ಲೆ.

ಕಳೆದ ವರ್ಷ ಅದನ್ನು ಅಪ್ಪನಲ್ಲಿ ಕಂಡೆ. ಡಿಕ್ಷನರಿ ತೆಗೆದು, ಪುಟ ತಿರುವುತ್ತ, ನಡುವೆ ನಿಂತುಬಿಟ್ಟರು. ಯಾವ ಪದ ಹುಡುಕಲು ತೆಗೆದೆ ಎಂಬುದೇ ಹಾರಿಹೋಗಿತ್ತು. ಗಂಟಲು ಸರಿಮಾಡಿಕೊಂಡರು, ಇನ್ನೆರಡು ಪುಟ ತಿರುವಿದರು, ಯಾವುದೋ ಪದದ ಮೇಲೆ ಬೆರಳಿಟ್ಟು "ಹ್ಞಾ, ಇದನ್ನೇ ಹುಡುಕ್ತಿದ್ದೆ" ಎಂದರು. ಎದುರಿಗೆ ನಾನು ಬಟ್ಟೆ ಮಡಚುತ್ತ ಕೂತಿದ್ದೆ. ನನಗೆ ಕೇಳಿಸಲೆಂದೇ ಆ ಮಾತು. ನಾನು ತಲೆ ಎತ್ತದೆ ಬಟ್ಟೆ ಮಡಚುತ್ತಲೇ ಇದ್ದೆ.

ಆಮೇಲೆ ಅದು ವಾರಕ್ಕೊಮ್ಮೆಯಾಯಿತು, ದಿನಕ್ಕೊಮ್ಮೆಯಾಯಿತು. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಮೊದಲಿನ ಮೇಷ್ಟ್ರೇ. ಮಧ್ಯಾಹ್ನದ ಹೊತ್ತಿಗೆ ಮಾತಿನ ನಡುವೆ ಹಳ್ಳ ಬೀಳುತ್ತಿತ್ತು. ನಾನು ಡಾಕ್ಟರ ಹತ್ತಿರ ಹೋಗೋಣ ಎನ್ನಲಿಲ್ಲ. ಮರೆವು ಎಂಬ ಮಾತನ್ನೇ ಮನೆಯಲ್ಲಿ ಆಡಲಿಲ್ಲ. ಪದಗಳನ್ನು ಬಿಟ್ಟು ಬೇರೆ ಆಸ್ತಿ ಮಾಡದ ಮನುಷ್ಯನಿಗೆ, ನಿಮ್ಮ ಪದಗಳು ಹೋಗುತ್ತಿವೆ ಎಂದು ಯಾವ ಬಾಯಿಂದ ಹೇಳಲಿ?

ಈ ವರ್ಷವೂ ಪ್ರಶ್ನೆಗಳನ್ನು ಮಾಡಿದರು. ಎರಡು ತಿಂಗಳ ಕೆಲಸ ನಾಲ್ಕು ತಿಂಗಳು ಹಿಡಿಯಿತು. ಪ್ರಶ್ನೆಪತ್ರಿಕೆ ಹೇಗೋ ಹೊತ್ತಿಗೆ ಸರಿಯಾಗಿ ಹೋಯಿತು. ಸರಿಯುತ್ತರಗಳ ಪಟ್ಟಿಯನ್ನು ಮಾತ್ರ ಪ್ರಶ್ನೆ ಮಾಡಿದವರೇ ಕೈಯಾರೆ ಬರೆದು, ಲಕೋಟೆಯಲ್ಲಿಟ್ಟು, ಪರೀಕ್ಷೆಯ ಹಿಂದಿನ ದಿನ ಕಳಿಸಬೇಕೆಂಬುದು ನಿಯಮ. ಗ್ರಂಥಾಲಯದಲ್ಲಿ ಇದಕ್ಕೆ ಕೀ ಎನ್ನುತ್ತಾರೆ. ಅಲ್ಲಿನ ಗುಮಾಸ್ತರು ಆ ಕೀ ಪಕ್ಕಕ್ಕಿಟ್ಟುಕೊಂಡು ಸರಿ ತಪ್ಪು ಹಾಕುತ್ತಾರೆ, ಅಷ್ಟೆ. ಅವರಿಗೆ ಇಂಗ್ಲಿಷೂ ಬೇಡ, ಸಾಹಿತ್ಯವೂ ಬೇಡ.

ಆ ದಿನ ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದ್ದರು. ಲಕೋಟೆ ಅಂಟಿಸುವ ಮುಂಚೆ ಹಾಗೇ ಕಣ್ಣು ಹಾಯಿಸಿದೆ. ಹನ್ನೆರಡು, ಮೂವತ್ತೊಂದು, ನಲವತ್ತನಾಲ್ಕು, ಈ ಮೂರರ ಮುಂದೆ ಏನೂ ಬರೆದಿರಲಿಲ್ಲ. ಖಾಲಿ. ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಹನ್ನೆರಡು 'ಪ್ರೆಸೆಂಟ್ಲಿ', ಅದು ನನಗೆ ಗೊತ್ತು, ಹಳೆಯ ಅರ್ಥ 'ಕೂಡಲೇ'. ನಲವತ್ತನಾಲ್ಕು 'ಫಾಂಡ್', ಅದೂ ಗೊತ್ತು, 'ಪೆದ್ದು'. ಚಿಕ್ಕಂದಿನಲ್ಲಿ ತಲೆಗೆ ಮೊಟಕಿಸಿಕೊಂಡು ಕಲಿತದ್ದು. ಮೂವತ್ತೊಂದು ನೋಡಿ ನಗು ಬಂತು. 'ವಾಂಟ್'. ಇದನ್ನೂ ಮರೆತರೇ ಅಪ್ಪ ಎಂದು ನಗುವಿನ ಬೆನ್ನಿಗೇ ಅಳು ಬಂತು. ವಾಕ್ಯ ಹೀಗಿತ್ತು: 'ಷಿ ಹ್ಯಾಡ್ ಎವೆರಿ ಕಂಫರ್ಟ್ ಇನ್ ದಟ್ ಹೌಸ್, ಷಿ ವಾಂಟೆಡ್ ಓನ್ಲಿ ಎ ಮದರ್.' ಆ ಮನೆಯಲ್ಲಿ ಹುಡುಗಿಗೆ ಎಲ್ಲ ಸೌಕರ್ಯ ಇತ್ತು, ಅವಳು ಬಯಸಿದ್ದು ತಾಯಿಯನ್ನು ಮಾತ್ರ. ನನಗೆ ಬೇರೆ ಥರ ಓದಲು ಬರಲೇ ಇಲ್ಲ. 'ಆಸೆ' ಎಂದು ಬರೆದೆ. ನನಗೆ ಅಕ್ಷರ ತಿದ್ದಿಸಿದವರು ಅಪ್ಪನೇ ಆದ್ದರಿಂದ ನನ್ನ ಕೈಬರಹವೂ ಅವರದರ ಪಡಿಯಚ್ಚು. ಅಂಟಿಸಿ ಕೊಟ್ಟು ಬಂದೆ. ಅವರನ್ನು ಎಬ್ಬಿಸಿ ಕೇಳಬಹುದಿತ್ತು. ಕೇಳಿದರೆ ಖಾಲಿ ಬಿಟ್ಟದ್ದನ್ನು ತೋರಿಸಬೇಕಾಗುತ್ತಿತ್ತು.

ಫಲಿತಾಂಶ ಬಂದು ನಾಲ್ಕನೇ ದಿನ ಗ್ರಂಥಪಾಲಕರು ನನಗೆ ಫೋನ್ ಮಾಡಿದರು. ಹತ್ತೊಂಬತ್ತು ಜನ ಬರೆದಿದ್ದರು, ಒಬ್ಬರೂ ಪಾಸಾಗಿಲ್ಲ. ಹದಿನೆಂಟು ಜನ ಮೂವತ್ತನ್ನೂ ದಾಟಿಲ್ಲ. ಒಬ್ಬಾಕೆಗೆ ಮಾತ್ರ ಮೂವತ್ತೊಂಬತ್ತು.

"ನಮ್ಮ ಬೈಂಡಿಂಗ್ ಕೋಣೇಲಿ ಇದಾರಲ್ಲ ಮೇಡಂ, ಅಂಟಮ್ಮ. ಬೋರ್ಡಿಗೆ ಹಾಕಿದ ಕೀ ನೋಡಿ ಅವರು ಮೂವತ್ತೊಂದನೇ ಪ್ರಶ್ನೆಗೆ ಆಕ್ಷೇಪ ಬರೆದುಕೊಟ್ಟಿದಾರೆ. ಮೇಷ್ಟ್ರು ನೋಡಿ, ಅವರ ಕೈಯಲ್ಲೇ ಕಾರಣ ಬರೆದು ತೀರ್ಮಾನ ಕೊಡಬೇಕು. ಅವರು ಹೇಳಿದ್ದೇ ಕೊನೆ. ಸೋಮವಾರದೊಳಗೆ ಬಂದ್ರೆ ಸಾಕು."

"ಬರದೇ ಇದ್ರೆ?"

"ಹುದ್ದೆ ಈ ವರ್ಷ ತುಂಬದೇ ಇದ್ರೆ ರದ್ದು ಮಾಡ್ತೀವಿ ಅಂತ ಮೇಲಿನಿಂದ ಬಂದಿದೆ. ಅಂಟಮ್ಮನಿಗೂ ಮುಂದಿನ ತಿಂಗಳು ನಲವತ್ತೈದು. ಆಮೇಲೆ ಪರೀಕ್ಷೆ ಇದ್ರೂ ಅವರು ಬರೆಯೋ ಹಾಗಿಲ್ಲ." ಆಮೇಲೆ, "ನಾನಂತೂ ಹೇಳಿದೆ ಅವರಿಗೆ, ಮೇಷ್ಟ್ರ ಕೀ ಇಪ್ಪತ್ತು ವರ್ಷದಲ್ಲಿ ಒಂದ್ಸಲಾನೂ ತಪ್ಪಾಗಿಲ್ಲಮ್ಮ ಅಂತ" ಎಂದರು.

ಮಾರನೇ ದಿನ ಅಂಗಡಿಗೆ ಹೋಗುವ ಮುಂಚೆ ಆಕ್ಷೇಪದ ಅರ್ಜಿ ತರಲು ಹೋದೆ. ಗ್ರಂಥಪಾಲಕರು ಇನ್ನೂ ಬಂದಿರಲಿಲ್ಲ. ಬೈಂಡಿಂಗ್ ಕೋಣೆಯ ಬಾಗಿಲು ತೆರೆದಿತ್ತು. ಒಂದು ಉದ್ದ ಮೇಜು, ಅದರ ಮೇಲೆ ಪುಸ್ತಕ ಒತ್ತಿಡುವ ಕಬ್ಬಿಣದ ಒತ್ತು, ಮೇಣ ಹಚ್ಚಿದ ದಾರದ ಉಂಡೆ, ಅಂಟಿನ ಬಟ್ಟಲು. ಮೇಜಿನ ಹಿಂದೆ ಒಬ್ಬ ಸಣ್ಣ ಆಕಾರದ ಹೆಂಗಸು, ಬೆನ್ನು ಕಳಚಿದ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಯುತ್ತಿದ್ದರು. ಬೆರಳುಗಳ ತುದಿಯಲ್ಲಿ ಒಣಗಿದ ಅಂಟಿನ ಪೊರೆ. ಆ ಹೆಸರು ಯಾಕೆ ಬಂತೆಂದು ಕೇಳಬೇಕಾಗಿರಲಿಲ್ಲ.

ನಾನು ಯಾರೆಂದು ಹೇಳಿದೆ. ಎದ್ದು ನಿಂತುಬಿಟ್ಟರು. "ಮೇಷ್ಟ್ರ ಮಗಳಾ? ಕೂತ್ಕೊಳ್ಳಿ ಅಕ್ಕ. ಅಲ್ಲಿ ಬೇಡ, ಅಲ್ಲಿ ಅಂಟು ಹಚ್ಚಿದೀನಿ, ಆಮೇಲೆ ನಿಮ್ಮನ್ನೂ ಕಪಾಟಲ್ಲಿ ಇಡಬೇಕಾಗುತ್ತೆ."

ನಾನು ನಕ್ಕೆ. ಅವರು ನಗಲಿಲ್ಲ.

"ಇಷ್ಟೊಂದು ಹಳೇ ಇಂಗ್ಲಿಷ್ ಹೇಗೆ ಕಲಿತ್ರಿ?" ಎಂದು ಕೇಳಿದೆ.

"ಕಲಿತೆ ಅನ್ನೋದೆಲ್ಲ ದೊಡ್ಡ ಮಾತು. ಶಾಲೇಲಿ ಏನೋ ಒಂದಿಷ್ಟು. ಇಲ್ಲಿ ಹನ್ನೊಂದು ವರ್ಷದಿಂದ ದಿನಗೂಲಿ ಥರ ಇದೀನಿ. ಹಾಳೆ ಒಣಗೋವರೆಗೂ ಕೈ ಕಟ್ಕೊಂಡು ಕೂರಬೇಕಲ್ಲ, ಆ ಹಾಳೆ ಓದ್ತೀನಿ. ಪುಸ್ತಕ ಹರಿಯೋದು ಮೊದಲಲ್ಲಿ, ಕೊನೇಲಿ. ಹಾಗಾಗಿ ಇಲ್ಲಿರೋ ಎಲ್ಲ ಕಥೇಲೂ ಯಾರು ಹುಟ್ಟಿದ್ರು ಅಂತ ಗೊತ್ತು, ಯಾರು ಸತ್ರು, ಯಾರ ಮದುವೆ ಆಯ್ತು ಅಂತಾನೂ ಗೊತ್ತು. ಯಾಕೆ ಅಂತ ಮಾತ್ರ ಒಂದೂ ಗೊತ್ತಿಲ್ಲ."

ಆಮೇಲೆ ತಾವಾಗಿಯೇ ಮೇಜಿನ ಖಾನೆ ಎಳೆದರು. ಹಳದಿಯಾದ ಚೀಟಿಗಳ ಒಂದು ಕಟ್ಟು. ಹಿಂದಿನ ಕಾಲದ ಗ್ರಂಥಪಾಲಕರು ಹಾಳಾದ ಪುಸ್ತಕಗಳಿಗೆ ಅಂಟಿಸುತ್ತಿದ್ದ ಚೀಟಿಗಳಂತೆ. ಇಳಿಜಾರು ಅಕ್ಷರದಲ್ಲಿ ಒಂದೊಂದೇ ಸಾಲು. 'ವಾಂಟ್ಸ್ ಟೈಟಲ್ ಪೇಜ್.' 'ವಾಂಟ್ಸ್ ಲಾಸ್ಟ್ ಲೀಫ್.' 'ವಾಂಟ್ಸ್ ಟೂ ಪ್ಲೇಟ್ಸ್.' ಪ್ಲೇಟ್ಸ್ ಅಂದರೆ ಚಿತ್ರದ ಹಾಳೆಗಳು.

"ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಆಸೆ ಅಂತಾನೇ ತಿಳ್ಕೊಂಡಿದ್ದೆ ಅಕ್ಕ. ಈ ಪುಸ್ತಕಕ್ಕೆ ಕೊನೇ ಹಾಳೆ ಬೇಕಂತೆ ಪಾಪ, ಕೊಡೋಣ ಅಂತ ಒಂದೊಂದಕ್ಕೂ ಬಿಳಿ ಹಾಳೆ ಸೇರಿಸಿ ಹೊಲಿದುಬಿಟ್ಟೆ. ಹದಿನಾರು ಪುಸ್ತಕ. ಆಗ ಇದ್ದ ಸಾಹೇಬ್ರು ಬೈದ ಬೈಗುಳ ಇನ್ನೂ ಕಿವೀಲಿದೆ. ಬೇಕು ಅಂತಲ್ಲಮ್ಮ, ಇಲ್ಲ ಅಂತ. ಕೊನೇ ಹಾಳೆ ಇಲ್ಲ, ಕಳೆದುಹೋಗಿದೆ ಅಂತ ಅದರರ್ಥ. ಪುಸ್ತಕಕ್ಕೆ ಎಲ್ಲಾದರೂ ಆಸೆ ಇರುತ್ತಾ ಅಂದ್ರು." ಚೀಟಿಗಳನ್ನು ಅಂಚು ಸೇರಿಸಿ ಮತ್ತೆ ಕಟ್ಟು ಕಟ್ಟಿದರು. "ಅದಕ್ಕೇ ಪರೀಕ್ಷೇಲಿ ಕೊರತೆ ಅಂತ ಬರೆದೆ."

ಕೀಯಲ್ಲಿ ನಾನು ಬರೆದ 'ಆಸೆ' ಕಣ್ಣ ಮುಂದೆ ಬಂತು. "ಮೇಷ್ಟ್ರಿಗೆ ಏನಾದ್ರೂ ಹೇಳಬೇಕಾ?" ಎಂದೆ.

"ಹೇಳೋಕೆ ನಾನ್ಯಾರು? ಅವರು ತಪ್ಪು ಅಂದ್ರೆ ತಪ್ಪೇ. ನಾನು ಹರಿದ ಹಾಳೆ ಓದಿದವಳು, ಅವರು ಪೂರ್ತಿ ಪುಸ್ತಕ ಓದಿದವರು. ಆದರೆ ಅವರೇ ಒಂದ್ಸಲ ನೋಡಿ ಹೇಳಲಿ ಅಂತ ಅಷ್ಟೇ." ಸೂಜಿಗೆ ದಾರ ಪೋಣಿಸಲು ಬೆಳಕಿಗೆ ಹಿಡಿದರು. ಮೂರು ಸಲ ತಪ್ಪಿತು. "ಕಾಯಂ ಆದ್ರೆ ಈ ಕೋಣೆ ಬಿಟ್ಟು ಮೇಲಿನ ಮಹಡೀಗೆ ಹಾಕ್ತಾರೆ. ನಡುವಿನ ಹಾಳೆಗಳನ್ನೂ ಓದಬಹುದು" ಎಂದರು.

ಗ್ರಂಥಪಾಲಕರು ಬಂದ ಮೇಲೆ ಅರ್ಜಿಯನ್ನೂ ಕೀಯ ಜೆರಾಕ್ಸ್ ಪ್ರತಿಯನ್ನೂ ಇಸಿದುಕೊಂಡೆ. ಅಂಗಡಿಗೆ ಹೋಗಲಿಲ್ಲ. ಮನೆಗೆ ಬಂದು ಅಪ್ಪನ ದೊಡ್ಡ ಡಿಕ್ಷನರಿ ತೆಗೆದೆ. 'ವಾಂಟ್' ಪದದ ಮುಂದೆ ಮೊಟ್ಟಮೊದಲನೆಯ ಅರ್ಥವೇ ಅದು: ಇಲ್ಲದಿರುವುದು, ಕೊರತೆ. ಪಕ್ಕದಲ್ಲಿ ಅಪ್ಪ ನಲವತ್ತು ವರ್ಷ ಹಿಂದೆ ಪೆನ್ಸಿಲಿನಲ್ಲಿ ಹಾಕಿದ ಗೀಟು. ಬಯಕೆ, ಆಸೆ ಎಲ್ಲ ಆಮೇಲೆ ಬಂದು ಸೇರಿಕೊಂಡವು. ಗೊತ್ತಿದೆ ಅಂದುಕೊಂಡ ಪದ ನನಗೆ ಮೋಸ ಮಾಡಿತ್ತು, ನನ್ನಿಂದ ಅಂಟಮ್ಮನಿಗೆ.

ಆದರೆ ಪದಕ್ಕೆ ಮಾತ್ರ ಯಾಕೆ ಬಯ್ಯಲಿ? ನನ್ನ ಕೈ 'ಕೊರತೆ'ಯ ಹತ್ತಿರಕ್ಕೂ ಹೋಗಲಿಲ್ಲವಲ್ಲ, ಅದಕ್ಕೆ ಬೇರೆ ಕಾರಣ ಇತ್ತು. ನನಗೆ ಐದು ತುಂಬುವಾಗ ಅಮ್ಮ ಸತ್ತಳು. ಸೋದರತ್ತೆ ಬಂದು ಇನ್ನೊಂದು ಮದುವೆ ಮಾಡಿಕೋ ಎಂದು ಒಂದು ವರ್ಷ ಪೀಡಿಸಿದರು. ಅಪ್ಪ ಬಗ್ಗಲಿಲ್ಲ. ಜಡೆ ಹೆಣೆಯಲು ಬಾರದು ಎಂದು ಕುರ್ಚಿಯ ಬೆನ್ನಿಗೆ ಮೂರು ಹಗ್ಗ ಕಟ್ಟಿಕೊಂಡು ಒಂದು ಭಾನುವಾರ ಪೂರ್ತಿ ಅಭ್ಯಾಸ ಮಾಡಿದರು. ನನ್ನ ಲಂಗದ ಅಂಚು ಅವರೇ ಹೊಲಿದರು. ನಾನು ದೊಡ್ಡವಳಾದ ದಿನ ಡಿಕ್ಷನರಿ ನೋಡಿ ಓದಿಕೊಂಡವರ ಹಾಗೆ ಕೆಮ್ಮುತ್ತ, ನೆಲ ನೋಡುತ್ತ, ಎಲ್ಲವನ್ನೂ ವಿವರಿಸಿದರು. "ತಾಯಿಯಿಲ್ಲದ ಕೊರತೆ ಕಾಣದ ಹಾಗೆ ಬೆಳೆಸಿದಾರೆ ಮಗಳನ್ನ" ಎಂದು ನೆಂಟರಿಷ್ಟರೆಲ್ಲ ಹೇಳುತ್ತಿದ್ದರು. ಹೇಳಿದಾಗಲೆಲ್ಲ ಅಪ್ಪ ನನ್ನ ಮುಖ ನೋಡುತ್ತಿದ್ದರು, ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಅಮ್ಮ ಬೇಕು ಎಂದು ಆಸೆಪಡುವುದು ಮಕ್ಕಳ ಹಟ, ಅದರಲ್ಲಿ ಯಾರ ತಪ್ಪೂ ಇಲ್ಲ. ಕೊರತೆ ಎಂದರೆ ಅಪ್ಪ ಸಾಲಲಿಲ್ಲ ಎಂದಂತೆ. ಆ ಪದ ನಮ್ಮ ಮನೆಯಲ್ಲಿ ಮಡಿಯಲ್ಲಿ ಇಟ್ಟ ಪಾತ್ರೆಯ ಹಾಗೆ, ಯಾರೂ ಮುಟ್ಟುತ್ತಿರಲಿಲ್ಲ.

ಈಗ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಕೀ ಸರಿಯಾಗಿಯೇ ಇದೆ ಎಂದು ಅಪ್ಪನ ಕೈಯಲ್ಲಿ ಎರಡು ಸಾಲು ಬರೆಸಿ ಕಳಿಸಿಬಿಡುವುದು. ಅಪ್ಪನ ಮಾತೇ ಕೊನೆ, ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅಂಟಮ್ಮ ಅಂಟಿನ ಬಟ್ಟಲಿನ ಹತ್ತಿರವೇ ಮುದುಕಿಯಾಗುತ್ತಾರೆ. ಇನ್ನೊಂದು, ಅಪ್ಪನ ಮುಂದೆ ಕೂತು, ನೀವು ಮೂರು ಉತ್ತರ ಬರೆಯಲೇ ಇಲ್ಲ, ನಿಮಗೆ ಮರೆವು ಬಂದಿದೆ, ನಾನು ಕಳ್ಳತನದಿಂದ ತುಂಬಿದೆ, ಅದರಲ್ಲಿ ಒಂದು ತಪ್ಪು ಎಂದು ಹೇಳುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮೂರನೇ ದಾರಿಯನ್ನು ಶುಕ್ರವಾರ, ಶನಿವಾರ ಎರಡು ದಿನ ಹುಡುಕಿದೆ. ಸಿಗಲಿಲ್ಲ.

ಭಾನುವಾರ ಸಂಜೆ ನನ್ನ ಮನಸ್ಸು ಕೆಟ್ಟ ಕಡೆಗೇ ವಾಲಿತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹೊರಗಿನ ಹೆಂಗಸಿನ ಒಂದು ಅಂಕಕ್ಕಿಂತ ನನ್ನಪ್ಪ ನನಗೆ ಹೆಚ್ಚು ಎಂದುಕೊಂಡು, ಬಿಳಿ ಹಾಳೆ ತಂದು ಅವರ ಮುಂದಿಟ್ಟೆ.

"ಅಪ್ಪ, ಗ್ರಂಥಾಲಯದವರಿಗೆ ಎರಡು ಸಾಲು ಬರೆದುಕೊಡಬೇಕು."

ಯಾಕೆ, ಏನು ಎಂದು ಕೇಳಲಿಲ್ಲ. ಕೂತ ಜಾಗದಲ್ಲೇ ನೆಟ್ಟಗಾಗಿ, ಪೆನ್ನಿನ ಮುಚ್ಚಳ ತೆಗೆದು, ಹಾಳೆಯ ಎಡಕ್ಕೆ ಅಂಚು ಬಿಟ್ಟು ಕೈ ಊರಿದರು. "ಹೇಳು ಪುಟ್ಟಿ, ಬರೀತೀನಿ" ಎಂದರು. ಉಕ್ತಲೇಖನಕ್ಕೆ ಕೂತ ಒಂದನೇ ಕ್ಲಾಸಿನ ಮಗುವಿನ ಹಾಗೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಯಾರು ಏನು ಬರೆಸಿದರೂ ಬರೆಯುವ ಮಟ್ಟಕ್ಕೆ ನನ್ನಪ್ಪ ಬಂದಿದ್ದರು. ಅದಕ್ಕೆ ಒಗ್ಗಿಸಿದವಳು ನಾನೇ. ತಿಂಗಳುಗಟ್ಟಲೆ ಅವರ ಅರ್ಧ ಮಾತುಗಳನ್ನೆಲ್ಲ ನಾನೇ ಪೂರ್ತಿ ಮಾಡಿ ಮಾಡಿ ಹೀಗಾಗಿತ್ತು.

"ಈಗ ಬೇಡಪ್ಪ, ಬೆಳಗ್ಗೆ ಬರೆಯೋಣ" ಎಂದೆ.

"ಸರಿ" ಎಂದು ಮುಚ್ಚಳ ಹಾಕಿದರು.

ಸೋಮವಾರ ಬೆಳಗ್ಗೆ ಎಂಟೂವರೆಗೆ ಅವರು ಕಿಟಕಿಯ ಹತ್ತಿರ ಪೇಪರು ಮುಗಿಸಿ ಮಡಚಿಟ್ಟಿದ್ದರು. ಕಣ್ಣು ತಿಳಿಯಾಗಿತ್ತು. ನಾನು ಎದುರಿಗೆ ಕೂತು ಅರ್ಜಿ, ಪ್ರಶ್ನೆಪತ್ರಿಕೆ, ಗ್ರಂಥಾಲಯದವರು ಕೊಟ್ಟ ಕೀಯ ಜೆರಾಕ್ಸ್ ಪ್ರತಿ ಮೂರನ್ನೂ ಮೇಜಿನ ಮೇಲಿಟ್ಟೆ. ಅರ್ಜಿಯನ್ನು ಪೂರ್ತಿ ಓದಿದರು. ಚೀಟಿಗಳ ವಿಷಯ ಬಂದಾಗ "ಆಹಾ" ಎಂದು ಮೆಲ್ಲಗೆ ಅಂದುಕೊಂಡರು. ಆಮೇಲೆ ಕೀ ತೆಗೆದು ಮೂವತ್ತೊಂದರ ಮೇಲೆ ಬೆರಳಿಟ್ಟರು. ತುಂಬ ಹೊತ್ತು ಬೆರಳು ಅಲ್ಲೇ ಇತ್ತು.

"ಇದು ನನ್ನ ಅಕ್ಷರ ಅಲ್ಲ. ನನ್ನ 'ಸ'ದ ಹೊಟ್ಟೆ ಇಷ್ಟು ದೊಡ್ಡದಿರಲ್ಲ" ಎಂದರು.

"ನಂದು ಅಪ್ಪ."

ಎಲ್ಲ ಹೇಳಿದೆ. ಖಾಲಿ ಇದ್ದ ಮೂರು ಜಾಗ, ನಾನು ತುಂಬಿದ್ದು, ಕೇಳದೆ ಇದ್ದದ್ದು. "ನೀವು ಮರೀತಿದೀರಿ ಅಪ್ಪ. ಒಂದು ವರ್ಷದಿಂದ. ನನಗೆ ಗೊತ್ತಿದ್ದೂ ಹೇಳಲಿಲ್ಲ" ಎಂದೆ. ಹೇಳುವಾಗ ಅವರ ಮುಖ ನೋಡಲು ಧೈರ್ಯ ಸಾಲದೆ ಮೇಜಿನ ಕಾಲು ನೋಡುತ್ತಿದ್ದೆ.

ಅವರು ಬೈಯಲಿಲ್ಲ. "ನಿನಗೆ ಗೊತ್ತಾಗಿದೆ ಅಂತ ನನಗೂ ಗೊತ್ತಿತ್ತು" ಎಂದರು. "ನೀನು ಹೇಳ್ತೀಯೇನೋ ಅಂತ ನಾನು, ನಾನು ಹೇಳ್ತೀನೇನೋ ಅಂತ ನೀನು. ಚೆನ್ನಾಗಿತ್ತು ನಮ್ಮ ಸಂಸಾರ."

ಪ್ರಶ್ನೆಪತ್ರಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಹನ್ನೆರಡು, ನಲವತ್ತನಾಲ್ಕು, ಅದ್ಯಾಕೆ ಬಿಟ್ಟೆನೋ, ಗೊತ್ತಿಲ್ಲ. ಅದು ಮರೆವೇ ಇರಬೇಕು. ಮೂವತ್ತೊಂದು ಮರೆತು ಬಿಟ್ಟಿದ್ದಲ್ಲ ಪುಟ್ಟಿ."

ನಾನು ತಲೆ ಎತ್ತಿದೆ.

"ಕೊರತೆ ಅಂತ ನನಗೆ ಗೊತ್ತಿಲ್ವಾ? ಮೂವತ್ತು ವರ್ಷ ಅದನ್ನೇ ಪಾಠ ಮಾಡಿದವನು. ವಾಕ್ಯ ಕಟ್ಟೋವಾಗ ಸುಮ್ಮನೆ ಬಂತು. ಎಲ್ಲ ಇದ್ದ ಮನೆ, ತಾಯಿ ಒಬ್ಬಳಿಲ್ಲ. ಪ್ರಶ್ನೆ ಬರೆದುಬಿಟ್ಟೆ. ಉತ್ತರ ಬರೆಯೋಕೆ ಪೆನ್ನು ಊರಿದಾಗ ಅದು ಯಾರ ಮನೆ ಅಂತ ಹೊಳೀತು. ಕೈ ಮುಂದಕ್ಕೆ ಹೋಗಲಿಲ್ಲ. ನಿನ್ನನ್ನ ಒಂದು ಮಾತು ಕೇಳಿಕೊಂಡು ಬರೆಯೋಣ ಅಂತ ಖಾಲಿ ಬಿಟ್ಟೆ." ಗಂಟಲು ಸರಿಮಾಡಿಕೊಂಡರು. "ಆಮೇಲೆ ಕೇಳೋದನ್ನೇ ಮರೆತೆ."

ಬೀದಿಯಲ್ಲಿ ಯಾರೋ ಅಂಗಡಿಯ ಶಟರು ಎತ್ತಿದ ಸದ್ದು ಕೇಳಿತು. ಅಪ್ಪ ಪೆನ್ನು ತೆಗೆದುಕೊಂಡರು, ಹಾಳೆ ಸರಿಮಾಡಿಕೊಂಡರು, ಆದರೆ ಬರೆಯಲಿಲ್ಲ.

"ಈಗ ಕೇಳ್ತೀನಿ. ನಿನಗೆ ಕೊರತೆ ಇತ್ತಾ?"

ಇಲ್ಲ ಎನ್ನುವುದು ನನಗೆ ಬಾಯಿಪಾಠ. ನಲವತ್ತೆರಡು ವರ್ಷ ಹೇಳಿದ್ದೇ ಅದು. ಪರೀಕ್ಷೆಯ ಉತ್ತರಕ್ಕೂ ನನ್ನ ಉತ್ತರಕ್ಕೂ ಸಂಬಂಧ ಇಲ್ಲ, ಡಿಕ್ಷನರಿ ನೋಡಿ ಬರೆಯಿರಿ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಇಲ್ಲ ಎಂದರೆ ಆ ಕೈ ಬರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನು ಒಂದು ಗಂಟೆ ಕಳೆದರೆ ಯಾಕೆ ಬರೆಯಬೇಕೆಂಬುದೂ ಅವರಿಗೆ ನೆನಪಿರುವುದಿಲ್ಲ.

"ಇತ್ತಪ್ಪ" ಎಂದೆ.

"ಯಾವಾಗ?"

"ದಿನಾ. ನೀವು ಜಡೆ ಹಾಕೋವಾಗಲೂ. ನೀವು ಹಾಕ್ತಾ ಇದ್ರಿ, ನಾನು ಕಣ್ಣು ಮುಚ್ಕೊಂಡು ಅಮ್ಮನ ಕೈ ಅಂದ್ಕೋತಿದ್ದೆ."

ಅಪ್ಪ ತಲೆಯಾಡಿಸಿದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನಾನೂ ಹಾಕೋವಾಗ ಹಾಗೇ ಅಂದ್ಕೋತಿದ್ದೆ" ಎಂದರು.

ಆಮೇಲೆ ಬರೆದರು. ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಉಸಿರು ಬಿಡುತ್ತ. 'ಮೂವತ್ತೊಂದನೆಯ ಪ್ರಶ್ನೆಗೆ ಸರಿಯುತ್ತರ ಕೊರತೆ. ಅಭ್ಯರ್ಥಿ ಬರೆದದ್ದು ಸರಿ, ಅವರು ಕೊಟ್ಟ ಕಾರಣವೂ ಸರಿ. ಉತ್ತರವನ್ನು ನಾನು ಬರೆಯದೆ ಬಿಟ್ಟಿದ್ದೆ, ಮನೆಯವರು ತಪ್ಪಾಗಿ ತುಂಬಿದರು, ಹೊಣೆ ನನ್ನದು. ನನಗೆ ಮರೆವು ಬಂದಿದೆ. ಮುಂದಿನ ವರ್ಷದಿಂದ ಈ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಬೇಕು.' ಸಹಿ ಮಾಡಿ ಅದರ ಕೆಳಗೆ ದಿನಾಂಕ ಹಾಕಲು ಹೋಗಿ ನಿಂತರು. ಅಂದಾಜಿಗೆ ಹಾಕಲಿಲ್ಲ. "ಇವತ್ತು ತಾರೀಕು ಎಷ್ಟು, ನೆನಪಿಲ್ಲ" ಎಂದು ನನ್ನನ್ನು ಕೇಳಿದರು. ಹೇಳಿದೆ, ಹಾಕಿದರು.

"ನಲವತ್ತಾಯ್ತಲ್ಲ ಆಕೆಗೆ?"

"ಆಯ್ತಪ್ಪ."

"ಬೇಗ ಕೊಟ್ಟು ಬಾ. ಪಾಪ, ಕಾಯ್ತಾ ಇರ್ತಾರೆ."

ನಾನು ಎದ್ದು ಹಾಳೆಯನ್ನು ಲಕೋಟೆಗೆ ಹಾಕಿದೆ, ಚೀಲ ತೆಗೆದುಕೊಂಡೆ, ಚಪ್ಪಲಿ ಮೆಟ್ಟಿದೆ. ಬಾಗಿಲವರೆಗೂ ಹೋದವಳಿಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಚಪ್ಪಲಿ ಕಾಲಲ್ಲೇ ವಾಪಸು ಬಂದು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಅವರ ಎದುರಿಗೆ ಅಮ್ಮನಿಗಾಗಿ ನಾನು ಅತ್ತದ್ದು ಅದೇ ಮೊದಲು.